ಕಣ್ಣಿನೊಳಗಿನ ಹೊಸ ನರ

ನಾನು ನಿಂತಿದ್ದದ್ದು ಡ್ರೈವರರ ಸೀಟಿನ ಹಿಂದಿನ ಅಡ್ಡ ಸರಳಿನ ಬಳಿ, ಎಡಗೈಯಲ್ಲಿ ಆ ಸರಳನ್ನು ಹಿಡಿದುಕೊಂಡು. ಬಸ್ಸು ಹಂಪನಕಟ್ಟೆಯಿಂದ ಬಂದು, ಲೇಡಿಹಿಲ್ ದಾಟಿ, ಉರ್ವ ಮಾರ್ಕೆಟಿನ ಕಡೆಗೆ ಇಳಿಯುವ ರಸ್ತೆಯ ನೆತ್ತಿಯಲ್ಲಿತ್ತು. ವರ್ಷ 1964. ಸೆಪ್ಟೆಂಬರ್ ತಿಂಗಳು, ನಮ್ಮ ಕ್ರಿಸ್ತಾಂವರ ತೆನೆಹಬ್ಬವಾದ ಮೊಂತಿ ಹಬ್ಬದ ಮಾರನೆಯ ದಿನ, ಬೆಳಗಿನ ಎರಡನೆಯ ಟ್ರಿಪ್ಪು. ರಾತ್ರಿ ಮಳೆ ಬಂದು ನಿಂತಿತ್ತು. ರಸ್ತೆಯ ಅಂಚಿನ ಕೆಂಪು ಮಣ್ಣು ಡಾಮರಿನ ಮೇಲೆ ಹರಡಿ ಜಾರುತ್ತಿತ್ತು. ಬಿಸಿಲು ಚೆನ್ನಾಗಿಯೇ ಇತ್ತು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಂತರ ಕೆಲವರು, ಮಳೆಗೆ ಗಾಜು ಮಸುಕಾಗಿ ಹಾಗಾಯಿತು ಎಂದು ಹೇಳಿಕೊಂಡು ತಿರುಗಿದರು. ಗಾಜು ಮಸುಕಾಗಿರಲಿಲ್ಲ. ನಾನೇ ಬೆಳಿಗ್ಗೆ ಒರೆಸಿದ್ದೆ.

ನಾನು ಆ ಬಸ್ಸಿನ ಕಂಡಕ್ಟರ್. ಡ್ರೈವರರು ಉಳ್ಳಾಲದವರು, ಬ್ಯಾರಿಗಳು, ಎಂದರೆ ನಮ್ಮ ಕರಾವಳಿಯ ಮುಸಲ್ಮಾನರು. ಅವರ ಮನೆಯಲ್ಲಿ ಉಳಿದವರೆಲ್ಲ ಒಣಮೀನಿನ ವ್ಯಾಪಾರ ಮಾಡುತ್ತಿದ್ದರು. ಇವರೊಬ್ಬರೇ ಸ್ಟೇರಿಂಗ್ ಹಿಡಿದವರು. ನನಗಿಂತ ತುಂಬ ಹಿರಿಯರಾದ್ದರಿಂದ ನಾನು ಅವರನ್ನು ಕಾಕ ಎನ್ನುತ್ತಿದ್ದೆ. ನಾನು ಕೊಂಕಣಿ ಮಾತಾಡುವ ಕ್ರಿಸ್ತಾಂವನಾದ್ದರಿಂದ ಅವರು ನನ್ನನ್ನು ಪೊರ್ಬು ಎನ್ನುತ್ತಿದ್ದರು. ನಮ್ಮಿಬ್ಬರ ನಡುವಿನ ಮಾತು ಹೆಚ್ಚಾಗಿ ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಧಾಟಿ ಕೆಡದ ಹಾಗೆ ನೋಡಿಕೊಂಡಿದ್ದೇನೆ.

ಕಾಕನಿಗೆ ಸಕ್ಕರೆ ಕಾಯಿಲೆ. ಎಷ್ಟು ವರ್ಷದಿಂದ ಎಂದು ಅವರಿಗೇ ಗೊತ್ತಿರಲಿಲ್ಲ. ನಾನು ಬಸ್ಸಿಗೆ ಸೇರುವ ಎಷ್ಟೋ ಮೊದಲೇ ಇತ್ತು. ದಿನಾ ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ ಬಂದವರು ಮೊದಲು ಒಬ್ಬ ಕಂಪೌಂಡರರಲ್ಲಿ ಹೋಗಿ ತೊಡೆಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿದ್ದರು, ಆಮೇಲೆ ಬಸ್ಸಿಗೆ. ಆಗ ರಕ್ತ ತೆಗೆದು ಸಕ್ಕರೆ ನೋಡುವ ಕ್ರಮ ಮನೆಮನೆಗೆ ಬಂದಿರಲಿಲ್ಲ. ಗಾಜಿನ ನಳಿಗೆಯಲ್ಲಿ ನೀಲಿ ಮದ್ದು ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪಕ್ಕೆ ಹಿಡಿದು ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಎಂದು ಏರುತ್ತ ಹೋಗಿ, ತೀರಾ ಹೆಚ್ಚಾದರೆ ಇಟ್ಟಿಗೆ ಕೆಂಪು. ಕಾಕನದ್ದು ಹೆಚ್ಚಾಗಿ ಇಟ್ಟಿಗೆ ಕೆಂಪೇ.

"ನನ್ನ ಹೊಟ್ಟೆಯೊಳಗೆ ಒಂದು ಹಂಚಿನ ಫ್ಯಾಕ್ಟ್ರಿ ಉಂಟು ಮಾರಾಯ," ಎನ್ನುತ್ತಿದ್ದರು. "ದಿನಾ ಹೊಸ ಲೋಡು. ಬೋಳೂರಿನ ಹಂಚಿನವರು ಬಂದು ಕೊಂಡುಹೋಗಲಿ."

ಹಾಗೆ ನಗಿಸುತ್ತಿದ್ದವರು ಆ ವರ್ಷ ಬೇಸಿಗೆಯಲ್ಲಿ ಸ್ವಲ್ಪ ಮಂಕಾದರು. ಪಾದಗಳಲ್ಲಿ ಉರಿ ಶುರುವಾಗಿ, ಆಮೇಲೆ ಉರಿಯೂ ಹೋಗಿ ಮರದ ತುಂಡಿನಂತಾಗಿದ್ದವು. ಪೆಡಲು ಕಾಲಿಗೆ ಗೊತ್ತಾಗಲಿ ಎಂದು ಚಪ್ಪಲಿ ಕಳಚಿಟ್ಟು ಬಸ್ಸು ಓಡಿಸುತ್ತಿದ್ದರು. ಸಕ್ಕರೆ ಕಾಯಿಲೆಗೆ ಮದ್ದು ಕೊಡುತ್ತಿದ್ದ ಡಾಕ್ಟರು ಪಾದಕ್ಕೆ ಸೂಜಿಯ ಮೊನೆ ತಾಗಿಸಿ ನೋಡಿ, "ನಿಮ್ಮ ನರ ಸಾಯ್ತಾ ಉಂಟು" ಎಂದಿದ್ದರು. ಆ ಮಾತು ಕಾಕನನ್ನು ಕಚ್ಚಿಬಿಟ್ಟಿತ್ತು. ಊಟ ಮಾಡುವಾಗ, ಬೀಡಿ ಹಚ್ಚುವಾಗ, ಎಲ್ಲೆಂದರಲ್ಲಿ ಅದನ್ನೇ ಹೇಳುತ್ತಿದ್ದರು.

"ಮನುಷ್ಯ ಸಾಯುವುದು ಸರಿ ಪೊರ್ಬು. ಅವನ ನರ ಅವನಿಗಿಂತ ಮೊದಲೇ ಹೋಗುವುದು ಎಂಥ ಅವಸ್ಥೆ?"

ಇನ್ನೊಂದು ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಎಡಗಣ್ಣಿಗೆ ಹೊಗೆ ಕವಿದಂತಾಗಿ, ಬಲಗಣ್ಣೊಂದನ್ನೇ ನೆಚ್ಚಿಕೊಂಡು ಬಸ್ಸು ಓಡಿಸುತ್ತಿದ್ದರು. ಒಂದು ದಿನ ಎಡಬದಿಯಲ್ಲಿ ನಿಂತಿದ್ದ ಕೈಗಾಡಿಗೆ ಬಸ್ಸಿನ ಮೂಲೆ ತಾಗಿದಾಗ ನನ್ನಲ್ಲಿ ಹೇಳಿದರು. "ಕಣ್ಣಿನ ಡಾಕ್ಟ್ರಿಗೆ ತೋರಿಸಿ ಕಾಕ, ಇವತ್ತೇ ತೋರಿಸಿ," ಎಂದೆ. ಫಳ್ನೀರಿನಲ್ಲಿ ಘಟ್ಟದ ಮೇಲಿಂದ ಬಂದ ಒಬ್ಬ ಕಣ್ಣಿನ ಡಾಕ್ಟರಿದ್ದರು. ಕಾಕ ಅಲ್ಲಿಗೆ ಒಬ್ಬರೇ ಹೋದರು. ಅಲ್ಲಿ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ಕಾಕ ಹೇಳಿದ್ದನ್ನೂ ನಂತರ ಡಾಕ್ಟರು ಹೇಳಿದ್ದನ್ನೂ ಕೂಡಿಸಿ ಬರೆಯುತ್ತಿದ್ದೇನೆ. ಎರಡೂ ತಾಳೆಯಾಗುತ್ತವೆ.

ಡಾಕ್ಟರು ಕಣ್ಣಿಗೆ ಮದ್ದು ಬಿಟ್ಟು, ಕತ್ತಲೆ ಕೋಣೆಯಲ್ಲಿ ಕೂರಿಸಿ, ಸಣ್ಣ ದೀಪದ ಉಪಕರಣದಿಂದ ಒಳಗೆ ತುಂಬ ಹೊತ್ತು ನೋಡಿದರು. ನೋಡಿ, "ಕಣ್ಣಿನ ಹಿಂದೆ ಹೊಸ ನರಗಳು ಬೆಳೀತಾ ಇವೆ. ಎರಡೂ ಕಣ್ಣಲ್ಲಿ," ಎಂದರು. ಭಾರ ಎತ್ತಬಾರದು, ಬಗ್ಗಬಾರದು, ಸಕ್ಕರೆ ಇಳಿಸಬೇಕು, ಮುಂದಿನ ವಾರ ಮನೆಯವರನ್ನು ಕರೆದುಕೊಂಡು ಬರಬೇಕು ಎಂದರು. ಕೆಲಸ ಏನು ಎಂದು ಕೇಳಿದ್ದಕ್ಕೆ ಕಾಕ "ಬಸ್ಸಿನಲ್ಲಿ" ಎಂದರು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು.

ಕಾಕ ಕುಣಿಯುತ್ತ ಬಂದರು ಎಂದರೆ ತಪ್ಪಾಗುವುದಿಲ್ಲ. ಕಣ್ಣಿನ ಪಾಪೆ ಇನ್ನೂ ಹಿಗ್ಗಿಕೊಂಡೇ ಇತ್ತು. ಬಿಸಿಲಿಗೆ ಕೈ ಅಡ್ಡ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ನುಗ್ಗಿದರು.

"ಪೊರ್ಬು! ಕಾಲಲ್ಲಿ ನರ ಸತ್ತರೆ ಎಂತ, ಕಣ್ಣಲ್ಲಿ ಹೊಸ ನರ ಬೆಳೀತಾ ಉಂಟಂತೆ! ದೊಡ್ಡ ಡಾಕ್ಟ್ರೇ ಹೇಳಿದ್ದು!"

"ಹೌದಾ ಕಾಕ?"

"ಮತ್ತೆ ಸುಳ್ಳಾ? ಎರಡೂ ಕಣ್ಣಲ್ಲಿ. ಮೇಲಿನಿಂದ ಶುರುವಾದದ್ದು, ಕೆಳಗೆ ಕಾಲಿಗೂ ಇಳಿದು ಬರ್ತದೆ, ನೋಡ್ತಾ ಇರು."

ಅಲ್ಲಿದ್ದ ನಮಗೆ ಯಾರಿಗೂ ಅದು ತಪ್ಪು ಎಂದು ತೋರಲಿಲ್ಲ. ನಮ್ಮಲ್ಲಿ ಕೈಯ ಮೇಲೆ ನೀಲಿಯಾಗಿ ಉಬ್ಬಿ ಕಾಣುವುದೂ ನರ, ನೋವು ಹರಿಯುವುದೂ ನರ, ಮನುಷ್ಯನಿಗೆ ಧೈರ್ಯವಿಲ್ಲದಿದ್ದರೆ ಇಲ್ಲವೆನ್ನುವುದೂ ನರವೇ. ಹೊಸದಾಗಿ ಬೆಳೆಯುವ ಯಾವುದನ್ನೂ ಕೆಟ್ಟದ್ದೆಂದು ನಾವು ಕೇಳಿದವರಲ್ಲ. ನಮ್ಮ ಮನೆಗಳಲ್ಲಿ ಅದೇ ತಿಂಗಳು ಹೊಸ ತೆನೆ ತಂದು, ಪಾಯಸಕ್ಕೆ ಬೆರೆಸಿ ಉಣ್ಣುವ ಹಬ್ಬ. ಕಾಕ ಆ ಶುಕ್ರವಾರ ಉಳ್ಳಾಲದ ದರ್ಗಾಕ್ಕೆ ಹರಕೆ ಒಪ್ಪಿಸಿ, ಕಲ್ಲುಸಕ್ಕರೆ ತಂದು ಸ್ಟ್ಯಾಂಡಿನಲ್ಲಿದ್ದ ಅಷ್ಟೂ ಡ್ರೈವರ್ ಕಂಡಕ್ಟರುಗಳಿಗೆ ಹಂಚಿದರು. ತಾವು ಮಾತ್ರ ಒಂದು ಚೂರನ್ನೂ ಬಾಯಿಗೆ ಹಾಕಲಿಲ್ಲ. ಮನೆಯವರನ್ನು ಕರೆದುಕೊಂಡು ಡಾಕ್ಟರಲ್ಲಿಗೆ ಹೋಗುವ ಮಾತು ಹಾಗೆಯೇ ಉಳಿಯಿತು. ಒಳ್ಳೆಯ ಸುದ್ದಿ ಕೇಳಲಿಕ್ಕೆ ಹೆಂಡತಿಯನ್ನು ಎರಡು ಸಲ ಹೊಳೆ ದಾಟಿಸಬೇಕೇ ಎಂದರು.

ಈಗ ಇಳಿಜಾರಿಗೆ ಬರುತ್ತೇನೆ.

ಆ ರಸ್ತೆ ಪಡುವಣಕ್ಕೆ ಇಳಿಯುತ್ತದೆ. ಆಗ ಎಡಬದಿಯಲ್ಲಿ ಮೊದಲು ಒಂದು ಮೋರಿ, ಅದರ ಆಚೆ ಗುಡ್ಡ ಕಡಿದ ಕೆಂಪು ಕಲ್ಲಿನ ದರೆ. ಬಲಬದಿಯಲ್ಲಿ ತಗ್ಗು; ಅಲ್ಲಿನ ಮನೆಗಳ ಹಂಚಿನ ಮಾಡು ರಸ್ತೆಯ ಮಟ್ಟಕ್ಕೆ ಕಾಣುತ್ತಿತ್ತು. ಕೆಳಗೆ ತಿರುವು, ತಿರುವಿನ ಆಚೆ ಮಾರ್ಕೆಟ್ಟು, ಬೆಳಗಿನ ಜನ. ಬಸ್ಸಿನಲ್ಲಿ ಸೀಟು ತುಂಬಿತ್ತು, ನಿಂತವರು ಕೆಲವರು. ಮುಂದಿನ ಎಡಸೀಟಿನಲ್ಲಿ ಫಳ್ನೀರಿನ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದ ಒಬ್ಬ ಹುಡುಗಿ, ರಾತ್ರಿ ಡ್ಯೂಟಿ ಮುಗಿಸಿ ಮನೆಗೆ ಹೊರಟವಳು. ಅವಳ ಪಕ್ಕದಲ್ಲಿ ಮೀನು ಮಾರುವ ಒಬ್ಬ ಮೊಗವೀರ ಹೆಂಗಸು, ಮಡಿಲಲ್ಲಿ ಮಗು, ಕಾಲಬಳಿ ಖಾಲಿ ಬುಟ್ಟಿ. ಅವಳ ಹಿಂದೆ ಕನ್ನಡಕದ ಒಬ್ಬ ಗುಮಾಸ್ತರು.

ಲೇಡಿಹಿಲ್‌ನಲ್ಲಿ ಬಸ್ಸು ರಸ್ತೆಯ ಹೊಂಡವೊಂದನ್ನು ತಪ್ಪಿಸದೆ ಇಳಿದಾಗ ಆ ಮೀನಿನ ಹೆಂಗಸು ಹೇಳಿದಳು: "ಎಂತ ಡ್ರೈವರೇ, ಕಣ್ಣನ್ನು ಬಂದರದಲ್ಲಿ ಬಿಟ್ಟು ಬಂದಿರಾ? ನನ್ನ ಮಗು ಎದ್ದರೆ ನೀವೇ ಎತ್ತಿಕೊಳ್ಳಬೇಕು."

"ಹೊಸ ಕಣ್ಣು ಅಕ್ಕಾ, ಇನ್ನೂ ಪಳಗಲಿಲ್ಲ," ಎಂದರು ಕಾಕ. ಬಸ್ಸಿನಲ್ಲಿ ನಗೆಯೆದ್ದಿತು. ನಾನೂ ನಕ್ಕೆ.

ಇಳಿಜಾರು ಶುರುವಾಗಿ ಗೇರು ಇಳಿಸಿದ ಶಬ್ದವಾಯಿತು. ಆಗ ಕಾಕನ ತಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲುಗಿತು, ಮುಖದ ಮುಂದಿನ ನೊಣ ಓಡಿಸುವವರ ಹಾಗೆ. ಆಮೇಲೆ ಅಲುಗುವುದು ನಿಂತಿತು.

"ಪೊರ್ಬು," ಎಂದರು. ದೊಡ್ಡ ದನಿಯಲ್ಲ. "ನನಗೆ ರಸ್ತೆ ಕಾಣುವುದಿಲ್ಲ."

ನಾನು ಮಾತು ಕೇಳಿಸಿಕೊಂಡೆ, ಅರ್ಥವಾಗಲಿಲ್ಲ.

"ನೀರಿಗೆ ಕವಳ ಉಗಿದ ಹಾಗೆ ಉಂಟು. ಕೆಂಪು. ಇಳೀತಾ ಉಂಟು. ನೀನು ನೋಡಿ ಹೇಳು."

ಅವರು ಬ್ರೇಕು ಒತ್ತಿದ್ದರು. ಬಸ್ಸಿನ ಹಿಂಭಾಗ ಮಣ್ಣಿನಲ್ಲಿ ಜಾರಿ ಓರೆಯಾಯಿತು, ಮೂತಿ ಎಡಕ್ಕೆ ತಿರುಗಿತು. ಎಡಕ್ಕೆ ಮೋರಿ. ಮೋರಿಯ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಹೊರೆ ಇಳಿಸಿ ಕೂತಿದ್ದರು. ನನಗೆ ಅವರ ಮುಖ ಕಾಣಿಸಿತು. ಬಸ್ಸು ನಿಲ್ಲುತ್ತಿರಲಿಲ್ಲ, ನಿಧಾನವಾಗಿ ಜಾರುತ್ತಿತ್ತು, ಅಷ್ಟೆ. ಸ್ವಲ್ಪ ಬಲಕ್ಕೆ ಎಳೆದರೆ ಅವರನ್ನು ತಪ್ಪಿಸಬಹುದಿತ್ತು.

ಆಗ ಹಿಂದಿನಿಂದ ಗುಮಾಸ್ತರು ಎದ್ದು ನಿಂತು ಕೂಗಿದರು: "ರೈಟ್! ರೈಟ್! ರೈಟ್!"

ಅವರು ಹೇಳಿದ್ದು ಬಲಕ್ಕೆ ತಿರುಗಿಸಿ ಎಂದು. ಆದರೆ ನಮ್ಮ ಬಸ್ಸುಗಳಲ್ಲಿ ರೈಟ್ ಎಂದರೆ ಬಲಗಡೆಯಲ್ಲ, ಹೊರಡು ಎಂದು. ಕಂಡಕ್ಟರ್ ಬಾಗಿಲಿನಿಂದ ರೈಟ್ ಎಂದರೆ ಡ್ರೈವರ್ ಬ್ರೇಕು ಬಿಟ್ಟು ಹೊರಡಬೇಕು. ವರ್ಷಗಟ್ಟಲೆ ದಿನವಿಡೀ ಆ ಶಬ್ದಕ್ಕೆ ಕಾಲೆತ್ತಿದವರು ಕಾಕ. ಕಣ್ಣಿಲ್ಲದೆ ಬರೀ ಕಿವಿಯಾಗಿದ್ದ ಆ ಹೊತ್ತಿನಲ್ಲಿ ಅವರ ಕಾಲು ಆ ಮಾತಿಗೆ ವಿಧೇಯವಾಯಿತು. ನಾನು ನೋಡಿದೆ: ಆ ಬರಿಗಾಲು ಬ್ರೇಕಿನಿಂದ ಎದ್ದಿತು. ಬಸ್ಸು ಮುಂದಕ್ಕೆ ಬಿದ್ದಂತೆ ಹೊರಟಿತು.

"ಹೋಲ್ಡಾನ್!" ಎಂದು ಕೂಗಿದೆ. ಅದು ನಿಲ್ಲಿಸುವ ಮಾತು. ಕಾಲು ಮತ್ತೆ ಒತ್ತಿತು. ಈಗ ಬಲಕ್ಕೆ ಎಂದು ಹೇಳಬೇಕು. ರೈಟ್ ಎನ್ನುವಂತಿಲ್ಲ. ತುಳುವಿನಲ್ಲಿ 'ಬಲ' ಎಂದರೆ 'ಬಾ' ಎಂದೇ ಅರ್ಥ. ಬಸ್ಸು ಹಿಂದೆ ಮುಂದೆ ಮಾಡಿಸುವಾಗ ಬಲ ಬಲ ಎಂದೇ ನಾವು ಕರೆಯುವುದು. ಅದನ್ನೂ ಹೇಳುವಂತಿಲ್ಲ. ಯೋಚಿಸಿ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿಗೆ ಬಂದದ್ದು ಇಷ್ಟು:

"ಸುರತ್ಕಲ್ ಕಡೆ ಕಾಕ! ಸ್ವಲ್ಪ! ಸುರತ್ಕಲ್ ಕಡೆ!"

ಪಡುವಣಕ್ಕೆ ಮುಖ ಮಾಡಿದವನಿಗೆ ಸುರತ್ಕಲ್ ಬಲಗೈಯ ಕಡೆ. ಸ್ಟೇರಿಂಗ್ ಬಲಕ್ಕೆ ತಿರುಗಿತು. ಮೋರಿಯ ಕಟ್ಟೆ ಬಸ್ಸಿನ ಮೆಟ್ಟಿಲನ್ನು ಉಜ್ಜಿಕೊಂಡು ಹಿಂದೆ ಹೋಯಿತು. ಹೆಂಗಸರು ಕಿರುಚಿದ್ದು ಕೇಳಿಸಿತು. ಮುಂದೆ ಬಲಗಡೆಯಲ್ಲಿ ಹಂಚಿನ ಮಾಡು.

"ಇನ್ನು ಉಳ್ಳಾಲದ ಕಡೆ! ಪೂರ್ತಿ ಉಳ್ಳಾಲದ ಕಡೆ! ದರೆಗೆ ತಾಗಿಸಿ!"

ಕಾಕ ಎಡಕ್ಕೆ, ತಮ್ಮ ಮನೆಯ ದಿಕ್ಕಿಗೆ, ಸ್ಟೇರಿಂಗನ್ನು ಪೂರ್ತಿ ಎಳೆದರು. ನಾನು ಸರಳಿನ ಅಡಿಯಿಂದ ನುಗ್ಗಿ ಹ್ಯಾಂಡ್‌ಬ್ರೇಕಿಗೆ ಎರಡೂ ಕೈ ಹಾಕಿ ಎಳೆದೆ. ಬಸ್ಸಿನ ಎಡಮೈ ಕೆಂಪು ಕಲ್ಲಿಗೆ ತಾಗಿ ಕೆರೆಯುತ್ತ ಹೋಯಿತು. ಕಿಟಕಿಯ ಕಂಬಿಗಳು ಬಾಗಿದವು. ಹಾಗೆ ಕೆರೆಯುತ್ತ ಕೆರೆಯುತ್ತ, ತಿರುವಿಗೆ ಇನ್ನೂ ಸ್ವಲ್ಪ ಇದೆ ಎನ್ನುವಾಗ ನಿಂತಿತು. ಎಂಜಿನ್ ತಾನಾಗಿ ಆರಿತು.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಗುಮಾಸ್ತರು, "ನಾನು ರೈಟ್ ರೈಟ್ ಅಂತ ಬೊಬ್ಬೆ ಹೊಡೀತಾ ಇದ್ದೆ, ಇವನು ಕುಡಿದಿದ್ದಾನೆ," ಎಂದರು. ಮೀನಿನ ಹೆಂಗಸು ಮಗುವನ್ನು ಎದೆಗೆ ಒತ್ತಿಕೊಂಡು ಕಾಕನ ಹತ್ತಿರ ಬಂದಳು, ಬಯ್ಯಲಿಕ್ಕೆ. ಅವರ ಮುಖ ನೋಡಿ ಬಯ್ಯದೆ ನಿಂತಳು. ಕಾಕನ ಕಣ್ಣು ಹೊರಗಿನಿಂದ ಎಲ್ಲರ ಕಣ್ಣಿನ ಹಾಗೆಯೇ ಇತ್ತು. ಕೆಂಪಿಲ್ಲ, ನೀರಿಲ್ಲ. ಆದರೆ ಅವರು ಗಾಜಿನ ಕಡೆ ನೋಡುತ್ತಲೇ ಕೇಳಿದರು:

"ಯಾರಿಗಾದರೂ ತಾಗಿತಾ? ಹೇಳಿ. ಯಾರಿಗೆ ತಾಗಿತು?"

"ಯಾರಿಗೂ ಇಲ್ಲ ಕಾಕ."

"ಮೋರಿಯಲ್ಲಿ ಯಾರೋ ಕಿರುಚಿದರು."

"ಅವರು ಬದುಕಿದ್ದಾರೆ. ಈಗ ನಿಮ್ಮನ್ನು ಬಯ್ತಾ ಇದ್ದಾರೆ."

ಅವರು ತಲೆಯನ್ನು ಸ್ಟೇರಿಂಗಿನ ಮೇಲೆ ಇಡಲು ಹೋದರು. ನರ್ಸ್ ಹುಡುಗಿ ಸೀಟಿನಿಂದ ಎದ್ದು ಬಂದು ಅವರ ಹಣೆಗೆ ಅಂಗೈ ಕೊಟ್ಟು ತಡೆದಳು. "ಬಗ್ಗಬೇಡಿ. ತಲೆ ಎತ್ತಿ ಕೂತುಕೊಳ್ಳಿ. ಕಣ್ಣು ಉಜ್ಜಬೇಡಿ." ಆಮೇಲೆ ನನ್ನ ಕಡೆ ತಿರುಗಿ ಕೊಂಕಣಿಯಲ್ಲಿ, "ಇವರಿಗೆ ಸಕ್ಕರೆ ಉಂಟಾ?" ಎಂದು ಕೇಳಿದಳು. ಉಂಟು ಎಂದೆ. ಅವಳು ತಲೆಯಾಡಿಸಿ ಅಂಗೈಯನ್ನು ಹಣೆಯಲ್ಲೇ ಇಟ್ಟುಕೊಂಡಳು.

ಅದೇ ದಿನ ಮಧ್ಯಾಹ್ನದೊಳಗೆ ನಾನು ಕಾಕನ ಕೈ ಹಿಡಿದು ಫಳ್ನೀರಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಇಲ್ಲಿಂದ ಮುಂದಿನದ್ದನ್ನು ನಾನೇ ಕೇಳಿದ್ದೇನೆ. ಡಾಕ್ಟರು ಬಲಗಣ್ಣಿಗೆ ದೀಪ ಹಿಡಿದು ನೋಡಿ, ದೀಪ ಆರಿಸಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಒಳಗೆ ಏನೂ ಕಾಣಿಸ್ತಿಲ್ಲ. ಬರೀ ರಕ್ತ. ಆ ಹೊಸ ನರ ಒಡೆದಿದೆ."

"ಒಡೆಯಲಿಕ್ಕೆ ಅದು ಈಗಷ್ಟೇ ಹುಟ್ಟಿದ್ದಲ್ಲವಾ ಡಾಕ್ಟ್ರೇ?" ಎಂದರು ಕಾಕ. "ನೀವೇ ಹೇಳಿದ್ದು. ನಾನು ಅದಕ್ಕೆ ಹರಕೆ ಒಪ್ಪಿಸಿ ಬಂದೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ: ಕಾಲಿನ ನರ ಸಾಯುತ್ತಿದೆ ಎಂದದ್ದು, ಕಣ್ಣಲ್ಲಿ ಹೊಸದು ಹುಟ್ಟಿದೆ ಎಂದದ್ದು, ಕಲ್ಲುಸಕ್ಕರೆ ಹಂಚಿದ್ದು. ಕೇಳುತ್ತ ಕೇಳುತ್ತ ಅವರ ಮುಖ ಬದಲಾಯಿತು.

"ರಕ್ತನಾಳ ಅಂದ್ರೆ ಯಾರಿಗೂ ಗೊತ್ತಾಗಲ್ಲ ಕಣ್ರೀ. ಅದಕ್ಕೇ ನರ ಅಂತೀನಿ. ಎಲ್ಲರಿಗೂ ಹಾಗೇ ಹೇಳ್ತೀನಿ," ಎಂದರು. ಕಾಕನ ಕಡೆ ತಿರುಗಿ, "ಬಸ್ಸಿನಲ್ಲಿ ಅಂದ್ರಲ್ಲ, ನೀವು ಓಡಿಸೋರು ಅಂತ ನನಗೆ ಹೊಳೀಲಿಲ್ಲ," ಎಂದರು.

ಆಮೇಲೆ ಅವರು ಕಾಗದದ ಮೇಲೆ ಪೆನ್ಸಿಲಿನಿಂದ ಕಣ್ಣಿನ ಗೋಲ ಬರೆದು, ಹಿಂಭಾಗದಲ್ಲಿ ಸಣ್ಣ ಗೆರೆಗಳನ್ನು ಎಳೆದರು. ಕಾಕನಿಗೆ ಕಾಣುವುದಿಲ್ಲವೆಂದು ನೆನಪಾಗಿ ಪೆನ್ಸಿಲ್ ಇಟ್ಟು, ಮಾತಿನಲ್ಲೇ ಹೇಳಿದರು. ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಕಣ್ಣಿನ ಹಿಂದಿನ ಪರದೆಗೆ ರಕ್ತ ಕೊಡುವ ನಾಳಗಳು ಕೂದಲಿಗಿಂತ ಸಣ್ಣವು. ನಾಳದ ಒಳಮೈಯಲ್ಲಿ ಜೀವಕೋಶಗಳು, ಮಾಡಿಗೆ ಹಂಚು ಹೊದಿಸಿದ ಹಾಗೆ, ಒಂದಕ್ಕೊಂದು ತಾಗಿ ಕೂತಿರುತ್ತವೆ. ವರ್ಷಗಟ್ಟಲೆ ಸಕ್ಕರೆ ಏರಿದರೆ ಆ ನಾಳಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಅಲ್ಲಲ್ಲಿ ಪರದೆಗೆ ರಕ್ತವಿಲ್ಲ, ಉಸಿರಿಲ್ಲ. ಹಾಗೆ ಹಸಿದ ಪರದೆ ಸುಮ್ಮನಿರುವುದಿಲ್ಲ. ಅದು ಯಾವುದೋ ಒಂದು ವಸ್ತುವನ್ನು ಸುರಿಸುತ್ತದೆ. ಅದು ಏನು ಎಂದು ಇನ್ನೂ ಯಾರಿಗೂ ಗೊತ್ತಿಲ್ಲ, ಇದೆ ಎಂದು ಮಾತ್ರ ತಿಳಿದವರು ಊಹಿಸಿದ್ದಾರೆ ಎಂದರು. ಆ ವಸ್ತು ಅಕ್ಕಪಕ್ಕದ ನಾಳಗಳಿಗೆ ತಾಗಿದಾಗ, ಸುಮ್ಮನೆ ಕೂತಿದ್ದ ಆ ಒಳಮೈಯ ಕೋಶಗಳು ಎದ್ದು, ಒಂದು ಎರಡಾಗಿ, ಎರಡು ನಾಲ್ಕಾಗಿ, ಗೋಡೆ ದಾಟಿ ಹೊರಗೆ ತೆವಳಿ ಹೊಸ ನಾಳ ಕಟ್ಟುತ್ತವೆ.

"ಹಸಿದವ ಕೂಗಿದ, ಇವು ಓಡಿ ಬಂದವು," ಎಂದರು ಕಾಕ. "ಅದರಲ್ಲಿ ತಪ್ಪೆಂತದು ಡಾಕ್ಟ್ರೇ?"

"ಬಂದಿದ್ದು ತಪ್ಪಲ್ಲ. ಅವಸರದಲ್ಲಿ ಕಟ್ತವೆ. ಗೋಡೆ ಗಟ್ಟಿ ಇರಲ್ಲ. ಪರದೆಯೊಳಗೆ ಬೆಳೆಯೋದು ಬಿಟ್ಟು ಅದರ ಮುಂದೆ, ಕಣ್ಣಿನೊಳಗೆ ತುಂಬಿರೋ ಲೋಳೆ ಮೇಲೆ ಹಬ್ಬುತ್ತವೆ. ಲೋಳೆ ಅಲುಗಿದರೆ ನಾಳ ಜಗ್ಗಿ ಹರಿದು ಹೋಗುತ್ತೆ. ಆಗ ಹೀಗೆ."

"ಹಾಗಾದ್ರೆ ನನ್ನ ಕಣ್ಣನ್ನು ಕೆಡಿಸಿದ್ದು ಸಾಯುವ ನರ ಅಲ್ಲ. ಬೆಳೆಯುವ ನರ."

"ಹೌದು."

ಹೊರಗೆ ಬೆಂಚಿನಲ್ಲಿ ಯಾರೋ ಕೆಮ್ಮುತ್ತಿದ್ದರು. ಆಮೇಲೆ ನಾನು ಕೇಳಬೇಕೆಂದಿದ್ದುದನ್ನೇ ಅವರು ಕೇಳಿದರು: "ಬೆಳೆಯುವುದನ್ನು ನಿಲ್ಲಿಸಲಿಕ್ಕೆ ಮದ್ದು ಉಂಟಾ?"

ಡಾಕ್ಟರು ಮರೆಮಾಚಲಿಲ್ಲ. ಮೆದುಳಿನ ಕೆಳಗೆ ಕಡಲೆಯಷ್ಟು ಗಾತ್ರದ ಗ್ರಂಥಿ ಇದೆ, ದೇಹ ಬೆಳೆಯಲು ಬೇಕಾದ ರಸ ಅದರಿಂದ ಬರುತ್ತದೆ. ಹೊರದೇಶಗಳಲ್ಲಿ ಅದನ್ನು ತೆಗೆದುಹಾಕಿ ಕೆಲವರ ಕಣ್ಣು ಉಳಿಸಿದ್ದಾರೆ ಎಂದರು. ಆದರೆ ಆ ಗ್ರಂಥಿ ಇಲ್ಲದೆ ಬದುಕುವುದು ಕಷ್ಟ, ಆ ಶಸ್ತ್ರಚಿಕಿತ್ಸೆಯನ್ನು ತಾನು ಯಾರಿಗೂ ಹೇಳುವುದಿಲ್ಲ ಎಂದರು. ಬೆಳಕಿನಿಂದ ಪರದೆಯನ್ನು ಸುಡುವ ಯಂತ್ರವೂ ಎಲ್ಲೋ ಬಂದಿದೆಯಂತೆ. ಈ ಊರಿಗೆ ಯಾವಾಗ ಬರುತ್ತದೋ ತಿಳಿಯದು. ಉಳಿದದ್ದು ಒಂದೇ. ತಲೆ ಎತ್ತಿ ಕೂರುವುದು, ಕೂತಲ್ಲೇ ನಿದ್ದೆ ಮಾಡುವುದು, ರಕ್ತ ತಾನಾಗಿ ಕೆಳಗೆ ಇಳಿಯುವವರೆಗೆ ಕಾಯುವುದು.

"ಇಳಿದರೆ ಕಾಣ್ತದಾ?"

"ಕಾಣಬಹುದು. ಆದರೆ ಆ ನಾಳಗಳು ಅಲ್ಲೇ ಇರ್ತವೆ. ಮತ್ತೆ ಯಾವಾಗ ಒಡೀತವೆ ಅಂತ ನಾನು ಹೇಳಲಾರೆ. ಒಂದು ನಿಮಿಷ ಮೊದಲು ಕೂಡ ಹೇಳಲಾರೆ."

ಕಾಕ ಉಳ್ಳಾಲದ ಮನೆಯ ಚಾವಡಿಯಲ್ಲಿ ಮೂರು ದಿಂಬಿಗೆ ಒರಗಿ ಕೂತರು. ನಾನು ರಜೆಯ ದಿನ ದೋಣಿ ದಾಟಿ ಹೋಗುತ್ತಿದ್ದೆ. ನಮಾಜಿಗೆ ಬಗ್ಗುವಂತಿಲ್ಲ ಎಂದು ಕೂತಲ್ಲೇ ಸನ್ನೆಯಿಂದ ಮಾಡುತ್ತಿದ್ದರು. ಅವರ ಹೆಂಡತಿ ಸಕ್ಕರೆಯ ವಿಷಯದಲ್ಲಿ ಪೊಲೀಸಿನವರಿಗಿಂತ ಕಠಿಣವಾದರು. ನಳಿಗೆಯಲ್ಲಿ ಬಣ್ಣ ಹಸಿರಿಗೆ ಇಳಿದ ದಿನ, "ಫ್ಯಾಕ್ಟ್ರಿಗೆ ಬೀಗ ಹಾಕಿಸಿದಳು ಇವಳು, ಆಳುಗಳೆಲ್ಲ ಬೀದಿಗೆ ಬಿದ್ದರು," ಎಂದು ಕಾಕ ನಕ್ಕರು. ಆ ಅಪಘಾತದ ನಂತರ ನಾನು ಅವರ ನಗೆ ಕೇಳಿದ್ದು ಅದೇ ಮೊದಲು.

ಕ್ರಿಸ್ಮಸ್ಸಿನ ಹೊತ್ತಿಗೆ ಬಲಗಣ್ಣು ತಿಳಿಯಾಯಿತು. ಮೊದಲು ಬಾಗಿಲಿನ ಬೆಳಕು, ಆಮೇಲೆ ಬಾಗಿಲಲ್ಲಿ ನಿಂತವರು, ಆಮೇಲೆ ನಿಂತವರ ಮುಖ. ನನ್ನ ಅಂಗಿಯ ಗುಂಡಿ ಒಂದು ಬಿದ್ದಿದೆ ಎಂದು ದೂರದ ದಿಂಬಿನಿಂದಲೇ ಹೇಳಿದರು. ನನಗೆ ಸಂತೋಷವಾಯಿತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಯಾಕೆಂದರೆ ಕಣ್ಣು ಕಾಣುವ ಡ್ರೈವರ್ ಮನೆಯಲ್ಲಿ ಕೂರುವುದಿಲ್ಲ. ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿದ್ದರು. ಬಸ್ಸಿನ ಮಾಲಕರೂ ಒಳ್ಳೆಯವರೇ. "ಸರಿಯಾದರೆ ಬರಲಿ, ಸೀಟು ಅವನದ್ದೇ," ಎಂದು ಹೇಳಿ ಕಳಿಸಿದ್ದರು. ಆ ಮಾತು ಒಳ್ಳೆಯ ಮನಸ್ಸಿನಿಂದ ಬಂದದ್ದೇ ಕಷ್ಟವಾಯಿತು.

ಜನವರಿಯ ಒಂದು ಬೆಳಿಗ್ಗೆ ಕಾಕ ಸ್ಟ್ಯಾಂಡಿಗೆ ಬಂದರು. ಖಾಕಿ ಅಂಗಿ ಇಸ್ತ್ರಿಯಾಗಿತ್ತು. ಎಲ್ಲರೂ ಸುತ್ತ ಸೇರಿ, "ಕಾಕ, ಅಲ್ಲಿ ಬೋರ್ಡಿನಲ್ಲಿ ಎಂತ ಬರೆದುಂಟು?" ಎಂದು ಪರೀಕ್ಷೆ ಮಾಡಿದರು. ಅವರು ಓದಿದರು. ಇನ್ನೂ ದೂರದ್ದನ್ನೂ ಓದಿದರು. ಬದಲಿ ಡ್ರೈವರ್ ಕೆಳಗಿಳಿದು, "ಬನ್ನಿ, ಬಸ್ಸು ನಿಮ್ಮದು," ಎಂದ. ಕಾಕ ಹತ್ತಿ ಕೂತು, ಚಪ್ಪಲಿ ಕಳಚಿದರು. ಬಸ್ಸಿನಲ್ಲಿ ಆಗಲೇ ಜನ ಕೂತಿದ್ದರು. ಶಾಲೆಗೆ ಹೋಗುವ ಮಕ್ಕಳೇ ಹೆಚ್ಚು.

ನಾನು ಬಾಗಿಲಲ್ಲಿ ನಿಂತಿದ್ದೆ. ಹೊರಡಿಸುವ ಮಾತು ನನ್ನದು. ನಾನು ಹೇಳಲಿಲ್ಲ. ಕಾಕ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆಮೇಲೆ ಕನ್ನಡಿಯಲ್ಲಿ ಮಕ್ಕಳನ್ನು ನೋಡಿದರು. ಎಂಜಿನ್ ನಡುಗುತ್ತಿತ್ತು. ಹಿಂದಿನಿಂದ ಯಾರೋ, "ಎಂತ, ಎಣ್ಣೆ ಮುಗಿಯಿತಾ?" ಎಂದರು.

ಕಾಕ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರು. ಕೆಳಗೆ ಇಳಿದು ಬಂದರು.

"ಈಗ ಚೆನ್ನಾಗಿ ಕಾಣ್ತದೆ ಪೊರ್ಬು," ಎಂದರು. "ಆ ದಿನವೂ ಕಾಣ್ತಾ ಇತ್ತು. ಗೇರು ಬದಲಿಸುವವರೆಗೆ ಕಾಣ್ತಾ ಇತ್ತು."

ಮತ್ತೆ ಅವರು ಸ್ಟೇರಿಂಗ್ ಹಿಡಿಯಲಿಲ್ಲ. ಆ ವರ್ಷ ಮಳೆಗಾಲಕ್ಕೆ ಮುಂಚೆ ಬಲಗಣ್ಣಿನಲ್ಲಿ ಎರಡನೆಯ ಸಲ ರಕ್ತ ಸುರಿಯಿತು. ಆಗ ಅವರು ಜಗಲಿಯಲ್ಲಿ ಕೂತು ಅಣ್ಣನಿಗೆ ಒಣಮೀನಿನ ದರ ಹೇಳುತ್ತಿದ್ದರಂತೆ. ಆ ರಕ್ತ ಪೂರ್ತಿ ಇಳಿಯಲಿಲ್ಲ. ಬೆಳಕು ನೆರಳು ಎನ್ನುವಷ್ಟು ಮಾತ್ರ ಉಳಿಯಿತು. ಕೆಲವು ವರ್ಷ ಬಿಟ್ಟು ಮೂತ್ರಪಿಂಡ ಸೋತು ತೀರಿಕೊಂಡರು.

ಡಾಕ್ಟರು ಅಂದು ಹೆಸರು ಗೊತ್ತಿಲ್ಲ ಎಂದ ವಸ್ತುವಿಗೆ ಈಗ ಹೆಸರಿದೆ. ನಾಳದ ಒಳಪದರದ ಕೋಶಗಳನ್ನು ಬೆಳೆಸುವ ಅಂಶ ಎನ್ನುತ್ತಾರೆ. ಅದು ಹೊಸ ನಾಳ ಹುಟ್ಟಿಸುವುದಷ್ಟೇ ಅಲ್ಲ, ಇದ್ದ ನಾಳದ ಕೋಶಗಳ ಸಂದು ಬಿಡಿಸಿ ಸೋರುವಂತೆಯೂ ಮಾಡುತ್ತದಂತೆ. ಅದನ್ನು ಹಿಡಿದುಹಾಕುವ ಮದ್ದನ್ನು ಕಣ್ಣಿನೊಳಕ್ಕೇ ಚುಚ್ಚುತ್ತಾರೆ. ನನ್ನ ಹೆಂಡತಿಗೂ ಸಕ್ಕರೆ ಕಾಯಿಲೆ, ಅವಳ ಕಣ್ಣಿಗೆ ಚುಚ್ಚಿದ್ದಾರೆ. ಅವಳು ಇವತ್ತು ಬೆಳಿಗ್ಗೆ ಅಕ್ಕಿಯಿಂದ ಕಲ್ಲು ಆರಿಸುತ್ತ ಕೂತಿದ್ದಳು. ಅದನ್ನು ನೋಡಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ಆ ಇಳಿಜಾರಿನಲ್ಲಿ ಅಂದು ಬಸ್ಸಿನಲ್ಲಿದ್ದವರು ಬಹಳ ಜನ. ಗುಮಾಸ್ತರು ನಿವೃತ್ತರಾಗಿ ತೀರಿಕೊಂಡರು. ಮೀನಿನ ಹೆಂಗಸೂ ಇಲ್ಲ. ಮೋರಿಯ ಮೇಲೆ ಕೂತಿದ್ದ ಇಬ್ಬರು ಯಾರೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಮೀನಿನ ಹೆಂಗಸಿನ ಮಡಿಲಲ್ಲಿದ್ದ ಮಗು ಈಗ ಮೊಮ್ಮಕ್ಕಳಿರುವ ಹೆಂಗಸು. ತನಗೆ ಎಲ್ಲ ನೆನಪಿದೆ ಎನ್ನುತ್ತಾಳೆ. ಅವಳು ಆಗ ನಿದ್ದೆಯಲ್ಲಿದ್ದಳು; ಅವಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನನ್ನು ಬಿಟ್ಟರೆ, ಕಣ್ಣಾರೆ ಕಂಡು ಇನ್ನೂ ಬದುಕಿರುವುದು, ನನಗೆ ತಿಳಿದ ಮಟ್ಟಿಗೆ, ಮುಂದಿನ ಎಡಸೀಟಿನಲ್ಲಿ ಕೂತಿದ್ದ ಆ ನರ್ಸ್ ಹುಡುಗಿ ಒಬ್ಬಳೇ. ನರ್ಸ್ ಆಗಿ ದುಡಿದು ನಿವೃತ್ತಳಾಗಿ, ಈಗ ಬಿಜೈಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾಳೆ. ಕಿವಿ ಸ್ವಲ್ಪ ಮಂದ, ನೆನಪು ಸರಿಯಾಗಿದೆ. ಇದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಒಂದು ಕಡೆ ಮಾತ್ರ ತಡೆದಳು: ಕಾಕ ಮೊದಲು ಹೇಳಿದ್ದು "ನನಗೆ ರಸ್ತೆ ಕಾಣುವುದಿಲ್ಲ" ಎಂದಲ್ಲ, "ಮಕ್ಕಳು ಉಂಟಾ ಬಸ್ಸಿನಲ್ಲಿ?" ಎಂದು. ನನಗೆ ಹಾಗೆ ನೆನಪಿಲ್ಲ, ಅವಳದು ತಪ್ಪು ಎನ್ನುವಂತೆಯೂ ಇಲ್ಲ. ಅವಳು ಕಾಕನಿಗೆ ನನಗಿಂತ ಹತ್ತಿರ ಕೂತಿರಲಿಲ್ಲ, ದೂರವೂ ಇರಲಿಲ್ಲ.